ಅಪ್ಪ ಕೊಟ್ಟ ಎರಡು ರೇಡಿಯೋ

ಮದುವೆಗೆ ಮುಂಚೆ ನನ್ನ ಗಂಡ ಬಾಯಿಬಿಟ್ಟು ಕೇಳಿದ್ದು ಒಂದೇ, ರೇಡಿಯೋ. ವಾಚು ಕೇಳಲಿಲ್ಲ, ಸೈಕಲ್ಲು ಕೇಳಲಿಲ್ಲ. ಅಷ್ಟಕ್ಕೇ ನಮ್ಮೂರಿನವರೆಲ್ಲ ‘ಉಡುಗನಿಗೆ ಆಸೆ ಕಮ್ಮಿ’ ಅಂತ ಹೊಗಳಿದ್ದೇ ಹೊಗಳಿದ್ದು. ಗಂಡನನ್ನು ‘ಅವರು’ ಎಂದು ಬರೆಯಬೇಕು, ನನ್ನ ಕಾಲದ ಹೆಂಗಸರೆಲ್ಲ ಹಾಗೇ ಬರೆಯುವುದು. ನಾನು ಬರೆಯುವುದಿಲ್ಲ. ಅವನು ಹೋಗಿ ಎಷ್ಟೋ ವರ್ಷವಾಯಿತು, ಇನ್ನು ಬಹುವಚನ ಕೊಟ್ಟು ಯಾರನ್ನು ಮೆಚ್ಚಿಸಬೇಕು?

ನನ್ನ ತವರು ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಹಳ್ಳಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಅಪ್ಪ ರಾಗಿ ಬೆಳೆದುಕೊಂಡು, ಎರಡು ಹಸು ಕಟ್ಟಿಕೊಂಡು, ಯಾರ ಹಂಗಿಗೂ ಬೀಳದೆ ನನ್ನನ್ನು ಸಾಕಿದ್ದ. ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಸುತ್ತಮುತ್ತ ಅವನನ್ನು ಮೀರಿಸುವವರಿರಲಿಲ್ಲ. ರೇಡಿಯೋ ಮಾತ್ರ ಅವನು ಹತ್ತಿರದಿಂದ ನೋಡಿದ್ದೇ ನನ್ನ ಮದುವೆ ಗೊತ್ತಾದ ಮೇಲೆ.

ನಮ್ಮ ಕಡೆ ಒಂದು ರೂಢಿ ಇತ್ತು. ಮದುವೆಗೆ ಸಾಮಾನು ಕೊಳ್ಳುವಾಗ ಇದು ಮದುವೆಗೆ ಅಂತ ಅಂಗಡಿಯವನಿಗೆ ಹೇಳಬಾರದು. ಹೇಳಿದರೆ ಬೆಲೆ ಏರಿಸುತ್ತಾನೆ, ಮೂಲೆಯಲ್ಲಿ ಬಿದ್ದ ಮಾಲು ಅಂಟಿಸುತ್ತಾನೆ, ಮದುವೆಯ ಗಡಿಬಿಡಿಯಲ್ಲಿ ಯಾರು ವಾಪಸ್ಸು ತರುತ್ತಾರೆ ಅಂತ ಅವನಿಗೂ ಗೊತ್ತು. ಸೀರೆ, ಪಾತ್ರೆ, ಅಕ್ಕಿ, ಎಲ್ಲದಕ್ಕೂ ಇದೇ ಕಟ್ಟಳೆ. ಅಪ್ಪ ನನ್ನನ್ನು ಕರೆದುಕೊಂಡು ಬಂಗಾರಪೇಟೆಯ ಸ್ಟೇಷನ್ ಹತ್ತಿರದ ರೇಡಿಯೋ ಅಂಗಡಿಗೆ ಹೋದ. ಅಂಗಡಿಯವನು ತೆಲುಗಿನವನು, ಸಾಧು ಮನುಷ್ಯ. “ಯಾರಿಗೆ ಗೌಡ್ರೇ, ಎಲ್ಲಿಗೆ?” ಅಂತ ಕೇಳಿದ. ಅಪ್ಪ ಮುಖದ ಗೆರೆ ಅಲುಗಾಡಿಸದೆ, “ನಮಗೇ ಕಣಯ್ಯ. ಇಲ್ಲೇ ಬಂಗಾರಪೇಟೆನಾಗೆ ಒಸಾ ಮನೆ ಮಾಡಿವ್ನಿ” ಅಂದ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡೆ.

ಅಪ್ಪ ಅರ್ಧ ದಿನ ಆ ಅಂಗಡಿಯಲ್ಲಿ ಕೂತ. ಎಲ್ಲ ಸ್ಟೇಷನ್ನೂ ಹಾಕಿಸಿದ, ಕಿವಿ ಒತ್ತಿಟ್ಟು ಕೇಳಿದ, ಹಿಂದೆ ಮುಂದೆ ತಟ್ಟಿ ನೋಡಿದ. ಆಮೇಲೆ ತಗೊಂಡ. ಮದುವೆಯ ದಿನ ಅದನ್ನು ಚಪ್ಪರದಲ್ಲಿ ಮಣೆಯ ಮೇಲಿಟ್ಟು, ಅದರ ಗಾಜಿಗೂ ಅರಿಶಿನ ಕುಂಕುಮ ಹಚ್ಚಿದರು. ಕರೆಂಟಿಲ್ಲದ ಊರು, ಅದು ಹಾಡುವ ಮಾತೆಲ್ಲಿ? ಆದರೂ ಹೆಂಗಸರು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿ ಹೋದರು.

ಗಂಡನ ಮನೆ ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯ ಕಂಪನಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆ. ಮಾವ ಇರಲಿಲ್ಲ. ಅತ್ತೆ, ಗಂಡ, ನಾನು, ಮೂರೇ ಜನ. ಗಂಡ ಗಣಿಯ ಎಲೆಕ್ಟ್ರಿಕ್ ಡಿಪಾರ್ಟ್‌ಮೆಂಟಿನಲ್ಲಿ ವೈರ್‌ಮನ್. ಮನೆಯಲ್ಲಿ ಒಂದು ಬಲ್ಬು. ಅದು ಉರಿಯುವಾಗ ಸಣ್ಣಗೆ ಮಿಡಿಯುತ್ತಿತ್ತು. ನಾನು ಸೀಮೆಎಣ್ಣೆ ಬುಡ್ಡಿಯ ಊರಿನವಳು, ಕರೆಂಟಿನ ದೀಪ ಅಂದರೆ ಇರುವುದೇ ಹೀಗೆ ಅಂದುಕೊಂಡೆ. ರೇಡಿಯೋ ಹಾಕಿದ ಮೊದಲ ದಿನ ಇಡೀ ಲೈನೇ ನಮ್ಮ ಬಾಗಿಲಲ್ಲಿತ್ತು. ಅತ್ತೆ ಗೂಡಂಗಡಿಯವಳ ಹಾಗೆ ಮುಂದೆ ಕೂತು, “ತಳ್ಳಬ್ಯಾಡ್ರಮ್ಮೋ, ಒಬ್ಬೊಬ್ರೇ” ಅನ್ನುತ್ತಿದ್ದಳು. ನಾನು ಅವಳಿಗೆ ಒಂದು ವಾರ ಬಂಗಾರದಂಥ ಸೊಸೆ.

ಎರಡನೇ ವಾರ ರೇಡಿಯೋ ಗುಂಯ್‌ಗುಡಲು ಶುರುವಾಯಿತು. ಹಾಡಿನ ಕೆಳಗೆ ಯಾರೋ ಮೂಗಿನಲ್ಲಿ ರಾಗ ಎಳೆದಂತೆ ಒಂದೇ ಸಮ. ಮೇಲೆ ಕೈಯಿಟ್ಟರೆ ಚುರುಕ್ಕೆನ್ನುವಷ್ಟು ಬಿಸಿ. ಅರ್ಧ ಗಂಟೆ ಹಾಡಿದರೆ ಸುಟ್ಟ ಮೇಣದ ವಾಸನೆ. ನಾನು ಗಂಡನನ್ನು ಕೇಳಿದೆ, “ನೀವು ಕರೆಂಟಿನ ಕೆಲ್ಸದೋರಲ್ವಾ, ಒಂಚೂರು ನೋಡ್ಬಾರ್ದಾ?” ಅವನು ಅಂಗೈಯನ್ನು ರೇಡಿಯೋ ಮೇಲಿಟ್ಟು, ಎತ್ತಿ, ಗುಂಡಿ ತಿರುಗಿಸಿ ಆರಿಸಿದ. “ನಾನು ಮೋಟಾರ್ ನೋಡೋನು” ಅಂದ. ಅಷ್ಟೇ.

ಅತ್ತೆ ಸುಮ್ಮನಿರಬೇಕಲ್ಲ. “ಬೀಗ್ರು ಪೆಟ್ಟಿಗೆ ಕೊಟ್ಟವ್ರೆ, ಒಳಗೊಂದು ದೆವ್ವ ಕುಂಡ್ರಿಸಿ ಕೊಟ್ಟವ್ರೆ” ಅಂತ ಲೈನಿನ ನಲ್ಲಿಯ ಹತ್ತಿರ ಸಾರಿಬಂದಳು. ಸುದ್ದಿ ಅಪ್ಪನಿಗೂ ಮುಟ್ಟಿತು. ಮಾರನೇ ದಿನವೇ ಬಂದ. ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ, ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂಗಾರಪೇಟೆಗೆ ಒಯ್ದ. ಅಂಗಡಿಯವನು ಇಡೀ ದಿನ ಹಾಡಿಸಿದನಂತೆ. ಗುಂಯ್ ಅನ್ನಲಿಲ್ಲ, ಬಿಸಿಯಾಗಲಿಲ್ಲ, ಗಿಣಿಯ ಹಾಗೆ ಮಾತಾಡಿತಂತೆ. “ಏಮೀ ಲೇದು, ಏನೂ ಇಲ್ಲ ಗೌಡ್ರೇ, ಸೆಟ್ಟು ಬಂಗಾರ” ಅಂದನಂತೆ. ಅಪ್ಪ ಖುಷಿಯಿಂದ ಹೊತ್ತು ತಂದ, ನಮ್ಮ ಮನೆಯ ಗೂಟದ ಪಕ್ಕದ ಹಲಗೆಯ ಮೇಲಿಟ್ಟ, ಹಾಕಿದೆವು. ಐದು ನಿಮಿಷಕ್ಕೆ ಗುಂಯ್.

ಅಪ್ಪನ ಮುಖ ನೋಡಲಾಗಲಿಲ್ಲ. ನಾನು ಚೊಂಬಿನಲ್ಲಿ ನೀರು ತಂದುಕೊಟ್ಟೆ. ಅತ್ತೆ ಅಡುಗೆಮನೆಯಿಂದ ಬಂದು, “ಕುಡೀರಿ ಬೀಗ್ರೇ, ಕುಡೀರಿ. ನಮ್ಮನೆ ನೀರಾದ್ರೂ ಚೆಂದಾಗೈತೆ, ನಿಮ್ ಪೆಟ್ಟಿಗೆ ಅಂಗಲ್ಲ” ಅಂದಳು. ಆ ನೀರು ಬರುತ್ತಿದ್ದದ್ದೇ ನಮ್ಮ ಕಡೆಯ ಬೇತಮಂಗಲದ ಕೆರೆಯಿಂದ! ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಅಪ್ಪ ತುಟಿಗೆ ಹೋಗಿದ್ದ ಚೊಂಬನ್ನು ಕೆಳಗಿಟ್ಟ. “ಅಕ್ಕಯ್ಯ, ಈ ಪೆಟ್ಟಿಗೆ ನಿಮ್ಮನೇನಾಗೆ ನೆಟ್ಟಗೆ ಆಡೋಗಂಟ ನಾನು ನಿಮ್ಮನೆ ನೀರು ಮುಟ್ಟಾಕಿಲ್ಲ” ಅಂದ. ನನ್ನ ಗಂಡ ಅಲ್ಲೇ ಮೊಳ ದೂರದಲ್ಲಿ ಕೂತು ಎರಡನೇ ಪಾಳಿಗೆ ಹೊರಡಲು ಬೂಟಿನ ಲೇಸು ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

ನೀರು ಮುಟ್ಟದ ಮನೆಗೆ ಯಾರಾದರೂ ಎಷ್ಟು ಸಲ ಬರುತ್ತಾರೆ? ಅಪ್ಪ ಎರಡು ಸಲ ಬಂದ. ಬಾಗಿಲಾಚೆಯ ಕಲ್ಲಿನ ಮೇಲೆ ಕೂತು, ನನ್ನ ಮುಖ ನೋಡಿ, ಅವರೆಕಾಯಿ ಗಂಟು ಕೊಟ್ಟು, ಬಿಸಿಲಿನಲ್ಲೇ ವಾಪಸ್ಸು ಹೋದ. ಮೂರನೆಯ ಸಲ ಬರಲಿಲ್ಲ. ನನಗಿದ್ದದ್ದು ಅವನೊಬ್ಬ. ಅವನು ಬರುವುದೂ ನಿಂತರೆ ಆ ಲೈನ್ ಮನೆಯಲ್ಲಿ ನನ್ನ ಪರವಾಗಿ ಕೆಮ್ಮುವವರೂ ಇರಲಿಲ್ಲ. ನಾನು ರೇಡಿಯೋವನ್ನು ನೋಡಿದರೆ ಶಪಿಸುತ್ತಿದ್ದೆ. ಆಮೇಲೆ ಅಪ್ಪ ಕೊಟ್ಟದ್ದಲ್ಲವಾ ಅಂತ ಸೆರಗಿನಿಂದ ಧೂಳು ಒರೆಸುತ್ತಿದ್ದೆ.

ಒಂದು ದಿನ ಅತ್ತೆ ಯಾರೋ ನೆಂಟರಿಗೆ ಜಂಭ ತೋರಿಸಲು ಹೋಗಿ ಬೆಳಗಿನಿಂದ ಮಧ್ಯಾಹ್ನದವರೆಗೂ ಅದನ್ನು ಹಾಡಿಸಿದಳು. ಹಿಂದಿನಿಂದ ಹೊಗೆ ಬಂತು, ರೇಡಿಯೋ ಬಾಯಿ ಮುಚ್ಚಿತು. ಅಂದಿಗೆ ಅತ್ತೆಯ ತೀರ್ಮಾನವೂ ಆಯಿತು. “ಕೆಟ್ಟ ಮಾಲು ಕೊಟ್ಟೋರು ಒಸಾದು ಕೊಡ್ಬೇಕು. ರಿಪೇರಿ ಗಿಪೇರಿ ನಮಗೆ ಬ್ಯಾಡ.”

ಅಪ್ಪ ಸುಟ್ಟ ರೇಡಿಯೋ ಜೊತೆ ನನ್ನನ್ನೂ ಬಂಗಾರಪೇಟೆಗೆ ಕರೆಸಿಕೊಂಡ. ಅಂಗಡಿಯವನು ಹಿಂದಿನ ರಟ್ಟು ಬಿಚ್ಚಿ ಒಳಗಿನ ಕಬ್ಬಿಣದ ಗಟ್ಟಿಯೊಂದನ್ನು ತೋರಿಸಿದ. ಅದಕ್ಕೆ ಸುತ್ತಿದ್ದ ತಂತಿ ಕಪ್ಪಗೆ ಕರಕಲಾಗಿತ್ತು. ಟ್ರಾನ್ಸ್‌ಫಾರ್ಮರು, ಕರೆಂಟು ಮೊದಲು ಬರುವುದೇ ಅದಕ್ಕೆ ಅಂದ. “ತಂತಿ ಹೊಸದಾಗಿ ಸುತ್ತಿಸಿಕೊಡ್ತೀನಿ, ನಾಲ್ಕು ದಿನದ ಕೆಲಸ. ಆದ್ರೆ ಯಾಕೆ ಸುಡ್ತು ಅಂತಾನೇ ನನಗೆ ತಿಳೀತಿಲ್ಲ. ಕಾರಣ ತಿಳೀದೆ ಸುತ್ತಿಸಿದ್ರೆ ಮತ್ತೆ ಸುಡುತ್ತೆ.”

ಅಪ್ಪನಿಗೆ ರಿಪೇರಿಯೇ ಇಷ್ಟ. “ಗುಳ ಸವೀತು ಅಂತ ನೇಗಿಲು ಎಸೀತಾರೇನಯ್ಯಾ? ಡಬ್ಬಿ ಐತೆ, ಗಾಜೈತೆ, ಒಳಗಿನ ಬುಡ್ಡಿಗಳೆಲ್ಲ ನೆಟ್ಟಗವೆ” ಅಂತ ವಾದಿಸಿದ. ವಾದಿಸುತ್ತಾ ವಾದಿಸುತ್ತಾ ದನಿ ಇಳಿಯಿತು. ಮತ್ತೆ ಸುಟ್ಟರೆ? ಮತ್ತೆ ಆ ಕಲ್ಲಿನ ಮೇಲೆ ಕೂರಬೇಕು, ಮತ್ತೆ ಬೀಗಿತಿಯ ಬಾಯಿ ಕೇಳಬೇಕು. ಅವನು ನನ್ನ ಕಡೆ ನೋಡಿದ. ಅಂಗಡಿಯವನು ಆಗ ಒಂದು ಮಾತು ಕೇಳಿದ, “ಗೌಡ್ರೇ, ಇದನ್ನ ಇಟ್ಟಿರೋದು ಎಲ್ಲಿ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, “ಇನ್ನೆಲ್ಲಿ? ಇಲ್ಲೇ, ನಮ್ಮನೇನಾಗೆ” ಅಂದ. ಮೊದಲ ದಿನ ಆಡಿದ ಸುಳ್ಳು, ಆ ಸುಳ್ಳಿನ ಮೇಲೇ ಬೆಲೆ ಇಳಿಸಿದ್ದ, ಈಗ ಬೇರೆ ಹೇಳಿದರೆ ಮರ್ಯಾದೆ ಏನಾಗಬೇಕು? ಹೊರಗಿನವರೆದುರು ಅಪ್ಪನ ಮಾತನ್ನು ಮಗಳು ಅಲ್ಲಗಳೆಯುವುದು ನಮ್ಮಲ್ಲಿಲ್ಲ. ತೆರೆದ ಬಾಯಿ ಮುಚ್ಚಿದೆ. ನನ್ನ ಜೀವನದಲ್ಲಿ ನಾನು ಮಾಡಿದ ತಪ್ಪುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಕ್ಷಣ ಮುಂದೆ ಬಂದು ನಿಲ್ಲುತ್ತದೆ.

ಹೊಸದೇ ಆಗಲಿ ಅಂದ ಅಪ್ಪ. ಇದ್ದ ಎರಡು ಹಸುವಿನಲ್ಲಿ ಹೆಚ್ಚು ಕರೆಯುತ್ತಿದ್ದ ಕಂದು ಹಸುವನ್ನು ಮಾರಿದ. ಊರಿನವರು ಬಿಡುತ್ತಾರಾ? “ಆಲು ಕರೆಯೋ ಅಸ ಕೊಟ್ಟು ಆಡೋ ಪೆಟ್ಟಿಗೆ ತಂದ್ನಂತೆ” ಅಂತ ಚಾವಡಿಯಲ್ಲಿ ನಕ್ಕರಂತೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಅಪ್ಪನೂ ನಕ್ಕನಂತೆ.

ಮೊದಲಿನದಕ್ಕಿಂತ ದೊಡ್ಡ ರೇಡಿಯೋ ತಂದ. ಅತ್ತೆಯ ಮುಖ ಊರಗಲ ಅರಳಿತು. ಅಪ್ಪ ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು, “ಆಕವ್ವ, ನೋಡಾನ” ಅಂದ. ಹಾಕಿದೆ. ಬೆಂಗಳೂರಿನ ಸ್ಟೇಷನ್ ಹತ್ತಿತು, ಯಾರೋ ಬೆಳೆಗೆ ಗೊಬ್ಬರ ಹಾಕುವುದು ಹೇಗೆ ಅಂತ ಹೇಳುತ್ತಿದ್ದರು. ಅಪ್ಪ ನಿಂತಲ್ಲೇ ಹದಿನೈದು ನಿಮಿಷ ಕೇಳಿದ. ಆಮೇಲೆ ಒಳಗೆ ಬಂದು ಗೋಡೆಗೊರಗಿ ಕೂತು, “ನೀರು ಕೊಡವ್ವ” ಅಂದ. ಒಂದು ಚೊಂಬು ನೀರನ್ನು ಗಟಗಟ ಕುಡಿದ, ಇನ್ನೊಂದು ಕೇಳಿ ಕುಡಿದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನನ್ನ ಗಂಡ ಮಧ್ಯದಲ್ಲಿ ಎದ್ದು, “ಜಾಸ್ತಿ ಒತ್ತು ಆಕ್ಬೇಡ” ಅಂತ ರೇಡಿಯೋ ಆರಿಸಿದ. ಅಪ್ಪನ ಜೊತೆ ಮಾತಾಡಲಿಕ್ಕೆ ಅಂದುಕೊಂಡೆ. ಅವನು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಎಂಟೋ ಹತ್ತೋ ದಿನವಾಗಿರಬೇಕು. ಅತ್ತೆ ತನ್ನ ಅಣ್ಣನ ಊರಿಗೆ ತಿಥಿಗೆಂದು ಹೋಗಿದ್ದಳು, ಮೂರು ದಿನ ಬರುವುದಿಲ್ಲ ಅಂದಿದ್ದಳು. ನಾನೊಬ್ಬಳೇ ಇದ್ದೆನಲ್ಲ, ಆಸೆಗೆ ಬಿದ್ದು ಒಂದು ಗಂಟೆ ರೇಡಿಯೋ ಕೇಳಿದೆ. ಗುಂಯ್. ಮೇಲೆ ಕೈಯಿಟ್ಟೆ, ಕಾವಲಿಯ ಹಾಗೆ ಸುಡುತ್ತಿತ್ತು. ಅಯ್ಯೋ ದೇವರೇ, ಹಸುವೂ ಹೋಯಿತಲ್ಲ, ಇದೂ ಹೋಯಿತಲ್ಲ! ಅತ್ತೆ ಬಂದು ಈ ವಾಸನೆ ಮೂಸಿದರೆ ಅಪ್ಪ ಮತ್ತೆ ಆ ಕಲ್ಲಿನ ಮೇಲೆ ಕೂರಬೇಕು, ಈ ಸಲ ಅಲ್ಲಿಗೂ ಬರುವುದಿಲ್ಲವೇನೋ.

ಪಕ್ಕದ ಮನೆಯ ತಮಿಳಿನ ಅಕ್ಕನಿಗೆ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಗಟ್ಟಿಗಿತ್ತಿ. “ಅಳಾದೆ, ಅಳಬೇಡ ತಂಗಚ್ಚಿ. ಬಂಗಾರಪೇಟೆ ಯಾಕೆ? ಇಲ್ಲೇ ರಾಬರ್ಟ್‌ಸನ್‌ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡ್ತಾರೆ, ನಡಿ” ಅಂದಳು. ರೇಡಿಯೋವನ್ನು ಗೋಣಿಚೀಲದಲ್ಲಿ ಇಳಿಸಿ, ಇಬ್ಬರೂ ಒಂದೊಂದು ಕಿವಿ ಹಿಡಿದುಕೊಂಡು ಹೋದೆವು. ಮಾರ್ಕೆಟ್ಟಿನ ಹಿಂದಿನ ಸಣ್ಣ ಅಂಗಡಿ, ಕನ್ನಡಕದ ಮುದುಕ. ಚೀಲ ಬಿಚ್ಚುವ ಮೊದಲೇ ಕೇಳಿದ, “ಮೈನ್ ಕರೆಂಟಾ, ಊರ ಕರೆಂಟಾ ಅಮ್ಮ?”

ನನಗೆ ಅರ್ಥವಾಗಲಿಲ್ಲ. ಮುದುಕ ತಾಳ್ಮೆಯಿಂದ ಬಿಡಿಸಿ ಹೇಳಿದ. ಮೈನ್ ಅಂದರೆ ಗಣಿ, ಅದಕ್ಕೆ ಬರುವುದು ಹಳೆಯ ಕಾಲದ ಕರೆಂಟು, ಅದರ ಬಡಿತ ನಿಧಾನ. ಲೈನ್ ಮನೆಗಳಿಗೂ ಅದೇ. ಬಂಗಾರಪೇಟೆಯಲ್ಲಿ ಇರುವುದು ಬೇರೆ, ಅದರ ಬಡಿತ ಬೇಗ. ಆ ಕರೆಂಟಿಗೆ ಮಾಡಿದ ರೇಡಿಯೋವನ್ನು ಈ ಕರೆಂಟಿಗೆ ಹಾಕಿದರೆ ಗುಂಯ್ ಅನ್ನುತ್ತದೆ, ಕಾಯುತ್ತದೆ, ಸುಡುತ್ತದೆ. ಸೆಟ್ಟಿನಲ್ಲಿ ಏನೂ ದೋಷವಿಲ್ಲ. ಟ್ರಾನ್ಸ್‌ಫಾರ್ಮರು ತೆಗೆದು ದಪ್ಪನೆಯದು ಹಾಕಿದರೆ ಆಯಿತು. “ಅರ್ಧ ದಿನದ ಕೆಲಸ. ಮೈನಿನೋರು ರೇಡಿಯೋ ಕೊಳ್ಳೋವಾಗ ಕೇಳಿಯೇ ತಗೊಳ್ಳೋದು. ನಿಮಗೆ ಯಾರೂ ಹೇಳ್ಲಿಲ್ವಾ? ಯಜಮಾನ್ರು ಎಲ್ಲಿ ಕೆಲಸ?”

“ಎಲೆಕ್ಟ್ರಿಕ್ ಡಿಪಾರ್ಟ್‌ಮೆಂಟು” ಅಂದೆ. “ವೈರ್‌ಮನ್.”

ಮುದುಕನಿಗೆ ನಗು ಬಂತು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಸ್ಕ್ರೂ ಬಿಚ್ಚಲು ತಲೆ ಬಗ್ಗಿಸಿದ. ಅಕ್ಕ ನನ್ನ ತೋಳು ಹಿಡಿದುಕೊಂಡಳು. ನಾನು ಆ ಅಂಗಡಿಯ ಮೆಟ್ಟಿಲ ಮೇಲೆ ಸಾಯಂಕಾಲದವರೆಗೆ ಕೂತಿದ್ದೆ. ರೇಡಿಯೋ ಸರಿಯಾಯಿತು, ಹಬ್ಬಕ್ಕೆ ಅಪ್ಪ ಕೊಟ್ಟಿದ್ದ ದುಡ್ಡು ಅದಕ್ಕೆ ಸಾಕಾಯಿತು.

ಗಂಡ ಪಾಳಿ ಮುಗಿಸಿ ಬಂದಾಗ ರೇಡಿಯೋ ಹಾಡುತ್ತಿತ್ತು. ಅವನು ಅಭ್ಯಾಸದಂತೆ ಅಂಗೈಯನ್ನು ಅದರ ಮೇಲಿಟ್ಟ. ತಣ್ಣಗಿತ್ತು. ಕೈ ತೆಗೆಯದೆ ನನ್ನ ಕಡೆ ತಿರುಗಿದ. ಅವನಿಗೆ ತಿಳಿಯಿತು ನನಗೆ ತಿಳಿಯಿತೆಂದು.

“ನಿನಗೆ ಗೊತ್ತಿತ್ತಾ?” ಅಂದೆ. ‘ನೀವು’ ಅನ್ನುವುದು ಅಂದಿಗೆ ಮುಗಿಯಿತು.

“ಊಂ.”

“ಮೊದಲ್ನೇ ದಿನದಿಂದ?”

“ಮದ್ವೆಗೆ ರೇಡಿಯೋ ಕೇಳ್ದಾಗ್ಲೇ ನಾನು ಯೋಳ್ಬೇಕಾಗಿತ್ತು, ಮೈನ್ ಕರೆಂಟಿಂದು ತರ್ಲಿ ಅಂತ. ಮರ್ತೆ. ಆಮ್ಯಾಕೆ ಅಮ್ಮ ನಿಮ್ಮಪ್ಪನ್ನ ಅನ್ನಾಕೆ ಸುರು ಮಾಡಿದ್ಲು. ಆಗ ಯೋಳಿದ್ರೆ ತಪ್ಪು ನನ್ ಮ್ಯಾಲೆ ಬರೋದು.” ಬೂಟಿನ ಲೇಸು ಬಿಚ್ಚುತ್ತಾ, “ಎಂಗೂ ನಿಮ್ಮಪ್ಪ ಒಸಾದು ತತ್ತೀನಿ ಅಂದ್ನಲ್ಲ” ಅಂದ.

ಎಂಥಾ ಮಾತು! ಕುಡಿದು ಹೊಡೆಯುವ ಗಂಡಂದಿರಿದ್ದರು ನಮ್ಮ ಲೈನಿನಲ್ಲಿ. ಅವನು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಸಂಬಳ ತಂದು ಕೊಡುತ್ತಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು, ಅದೂ ತಾಯಿಯಿಂದ ಎರಡು ಬೈಗುಳ ತಿನ್ನಬೇಕಾಗುತ್ತದೆಂದು ಆಡಲಿಲ್ಲ. ಅದಕ್ಕೆ ನನ್ನ ಅಪ್ಪ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತ, ಹಸು ಮಾರಿದ. ನನಗೆ ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಆ ಸಂಕ್ರಾಂತಿಗೆ ತವರಿಗೆ ಹೋದೆ. ಅಪ್ಪನಿಗೆ ಎಲ್ಲ ಹೇಳಿಬಿಡಬೇಕೆಂದೇ ಹೋದೆ. ರೈಲಿನಲ್ಲಿ, ಬಸ್ಸಿನಲ್ಲಿ, ನಡೆಯುವ ದಾರಿಯಲ್ಲಿ, ಮಾತುಗಳನ್ನು ಜೋಡಿಸಿಕೊಂಡೇ ಹೋದೆ. ಅವನು ಮೋಸ ಹೋಗಿಲ್ಲ, ಅವನು ಕೊಟ್ಟದ್ದರಲ್ಲಿ ಏನೂ ಕೆಟ್ಟದ್ದಿರಲಿಲ್ಲ, ಅಷ್ಟಾದರೂ ಅವನಿಗೆ ಗೊತ್ತಾಗಬೇಕಿತ್ತು. ಅಪ್ಪ ಕೊಟ್ಟಿಗೆಯಲ್ಲಿದ್ದ. ಉಳಿದ ಒಂದು ಹಸುವಿನ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದ.

“ಎಂಗೈತವ್ವಾ, ಆಡ್ತೈತಾ?”

“ಆಡ್ತೈತಪ್ಪ.”

“ಬಿಸಿಯಾಯ್ತದಾ?”

“ಇಲ್ಲಪ್ಪ.”

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಬಣ್ಣದ ಕೈಯನ್ನೇ ಪಂಚೆಗೆ ಒರೆಸಿಕೊಂಡ. “ಮೊದಲ್ನೇದ್ರಾಗೆ ನಾನೇ ಮೋಸ ಓದೆ ಕಣವ್ವ. ಅಸಾನಾದ್ರೆ ಬಾಯಿ ಬಿಡ್ಸಿ ನೋಡ್ತಿದ್ದೆ, ಪೆಟ್ಟಿಗೆ ಒಳಗೆ ನೋಡಾಕೆ ನಂಗೇನು ಗೊತ್ತು? ನಿಮ್ಮತ್ತೆ ಅಂದಿದ್ರಾಗೆ ತಪ್ಪಿಲ್ಲ ಬಿಡು.”

“ಅಪ್ಪಾ, ಒಂದ್ ಮಾತು...” ಅಂದೆ.

ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಕೊಂಬಿಗೆ ಬಣ್ಣ ಹಚ್ಚುತ್ತಾ ತನ್ನ ಮಾತಿನಲ್ಲೇ ಇದ್ದ. “ಆದ್ರೆ ನಿನ್ ಗಂಡ ದೊಡ್ ಮನ್ಸ ಕಣವ್ವ. ಅವರಮ್ಮ ನನ್ನ ಅಷ್ಟು ಅಂದ್ಲಲ್ಲ, ಅವ್ನು ಒಂದೇ ಒಂದ್ ಮಾತು ಆಡ್ಲಿಲ್ಲ ನೋಡು. ಅಂಥ ಅಳಿಯ ಸಿಗಾಕೆ ಪುಣ್ಯ ಮಾಡಿರ್ಬೇಕು. ಅದೇನೋ ಅಂದಲ್ಲ?”

“ಏನಿಲ್ಲಪ್ಪ” ಅಂದೆ.

ಸಾಯುವವರೆಗೂ ಅಪ್ಪ ಅಳಿಯನ ಆ ದೊಡ್ಡ ಗುಣವನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಹೂಂ ಅಂತ ತಲೆಯನ್ನೂ ಆಡಿಸಿದ್ದೇನೆ.